ಕೀಲಿ ಸಿಗುವುದಿಲ್ಲ ಎಂದು ಹೇಳಿದವಳು

ಹದಿನೆಂಟು ವರ್ಷ ನಾನು ಒಂದೇ ಮಾತು ಹೇಳಿಕೊಂಡು ಅನ್ನ ಉಂಡೆ. "ಕೀಲಿ ಕಳೆದರೆ ಕಳೆದಂತೆ. ನಮ್ಮ ಹತ್ತಿರ ಇನ್ನೊಂದಿಲ್ಲ." ತಮಿಳಿನಲ್ಲಿ ಹೇಳಿದ್ದೇನೆ, ಇಂಗ್ಲಿಷಿನಲ್ಲಿ ಹೇಳಿದ್ದೇನೆ, ಒಂದೇ ಒಂದು ಸಲ ಕನ್ನಡದಲ್ಲೂ ಹೇಳಿದ್ದೇನೆ. ಆ ಕನ್ನಡದ್ದೇ ಈಗ ಗಂಟಲಲ್ಲಿ ಸಿಕ್ಕಿಕೊಂಡಿದೆ.

ನಮ್ಮದು ಮದರಾಸಿನ ಗಿಂಡಿಯಲ್ಲಿ ಒಂದು ಮಹಡಿಯಷ್ಟೇ ದೊಡ್ಡ ಕಂಪನಿ. ನಾವು ಮಾಡುವ ವಸ್ತುವಿಗೆ ಲೈಬ್ರರಿ ಎಂದು ಹೆಸರು, ಪುಸ್ತಕಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇರೆಯವರು ತಮ್ಮ ಸಾಫ್ಟ್‌ವೇರಿನೊಳಗೆ ಹಾಕಿಕೊಳ್ಳುವ ಸಿದ್ಧ ಕೋಡು ಅದು, ಅಂಗಡಿಯಲ್ಲಿ ಸಿಗುವ ಹುಳಿಪುಡಿ ಇದ್ದ ಹಾಗೆ. ಫೈಲುಗಳಿಗೆ ಬೀಗ ಹಾಕುವುದು ಅದರ ಕೆಲಸ. ಬೀಗದ ಕೀಲಿ ಗ್ರಾಹಕರ ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಇರುತ್ತದೆ. ಕಂಪ್ಯೂಟರು ಕೆಟ್ಟರೆ ಗತಿಯೇನು ಎಂದು ಇಪ್ಪತ್ತನಾಲ್ಕು ಪದಗಳ ಒಂದು ಪಟ್ಟಿ ಕೊಡುತ್ತೇವೆ. ಆ ಪದಗಳನ್ನು ಅದೇ ಕ್ರಮದಲ್ಲಿ ಒತ್ತಿದರೆ ಕೀಲಿ ಮರುಹುಟ್ಟು ಪಡೆಯುತ್ತದೆ. ಪಟ್ಟಿಯೂ ಹೋಯಿತೆಂದರೆ ಫೈಲು ಕಲ್ಲು.

ಈ ಮರುಹುಟ್ಟಿನ ಭಾಗ ನನ್ನದು. ಅದರ ಕೋಡನ್ನು ತಿದ್ದುವುದು, ಅದರ ಕೈಪಿಡಿ ಬರೆಯುವುದು, ಕೀಲಿ ಕಳೆದುಕೊಂಡವರ ಫೋನು ಎತ್ತುವುದು. "ಪದಗಳನ್ನು ಕಾಗದದ ಮೇಲೆ ಬರೆಯಿರಿ, ಎರಡು ಪ್ರತಿ ಮಾಡಿ, ಎರಡು ಬೇರೆ ಮನೆಗಳಲ್ಲಿಡಿ" ಎಂದು ಕೈಪಿಡಿಯಲ್ಲಿ ಬರೆದವಳು ನಾನೇ.

ಆ ಲೈಬ್ರರಿಯನ್ನು ಮೊದಲಿನಿಂದ ಕಟ್ಟಿದವನು ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವನು. ಅವನ ಮನೆಯವರು ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದಾರೆ, ಮನೆಮಾತು ಕನ್ನಡ, ಆದರೆ ತಮಿಳಿನಲ್ಲಿ ನೆನೆಹಾಕಿದ ಕನ್ನಡ. ಕೆಲಸ ಕಲಿಸಿದವನು ಅವನೇ. ಆಫೀಸಿನಲ್ಲಿ ನಾವಿಬ್ಬರೇ ಕನ್ನಡ ಮಾತಾಡುತ್ತಿದ್ದೆವು, ಅದರಿಂದ ನಮ್ಮ ಸ್ನೇಹಕ್ಕೆ ಒಂದು ಒಳಕೋಣೆ ಇದ್ದಂತಿತ್ತು. ಏಕಾದಶಿಯ ಮರುದಿನ ದ್ವಾದಶಿ ಊಟಕ್ಕೆ ಅಮ್ಮ ಅವನನ್ನು ತಪ್ಪದೆ ಕರೆಸುತ್ತಿದ್ದಳು. ಅಗಸೆ ಸೊಪ್ಪಿನ ಪಲ್ಯವನ್ನು ಅವನಿಗೆ ಎರಡು ಸಲ ಬಡಿಸುತ್ತಿದ್ದಳು, ನನಗೆ ಒಂದು ಸಲ.

ನಾನು ಕನ್ನಡದಲ್ಲಿ ಇಲ್ಲ ಎಂದದ್ದು ಒಬ್ಬ ಡಾಕ್ಟರಿಗೆ. ಆರು ವರ್ಷದ ಹಿಂದೆ ಕ್ರೋಂಪೇಟೆಯಿಂದ ಲೋಕಲ್ ರೈಲಿನಲ್ಲಿ ನಮ್ಮ ಆಫೀಸಿಗೇ ಬಂದರು. ಅರವತ್ತು ದಾಟಿದ ಹೆಂಗಸು, ಕಾಟನ್ ಸೀರೆ, ಕೈಯಲ್ಲಿ ಒಂದು ಹಾರ್ಡ್ ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿಕೊಂಡಿದ್ದರು. ತೊಗಲು ಹದ ಮಾಡುವವರ ಕೈಕಾಲಿನ ಹುಣ್ಣುಗಳನ್ನು ಇಪ್ಪತ್ತು ವರ್ಷ ನೋಡಿದವರು. ಯಾರಿಗೆ, ಯಾವ ಕೆಲಸದಿಂದ, ಎಷ್ಟು ದಿನಕ್ಕೆ ಏನಾಯಿತು ಎಂದು ಬರೆದು, ಫೋಟೋ ತೆಗೆದು ಇಟ್ಟಿದ್ದರು. ರೋಗಿಗಳ ಗುಟ್ಟು ಹೊರಬೀಳಬಾರದೆಂದು ನಮ್ಮ ಬೀಗವಿದ್ದ ಒಂದು ಸಾಫ್ಟ್‌ವೇರಿನಲ್ಲಿ ಎಲ್ಲ ತುಂಬಿ, ಹಳೆಯ ಕಾಗದಗಳನ್ನು ಸುಟ್ಟುಬಿಟ್ಟಿದ್ದರು. ಕಂಪ್ಯೂಟರು ಸತ್ತಿತು, ಬೀಗ ಹಾಕಿದ ಫೈಲುಗಳ ಪ್ರತಿ ಮಾತ್ರ ಈ ಡಿಸ್ಕಿನಲ್ಲಿ ಉಳಿದಿತ್ತು. ಇಪ್ಪತ್ತನಾಲ್ಕು ಪದಗಳನ್ನು ಅದೇ ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುವುದು ಲೋಕದಲ್ಲಿ ಎಲ್ಲರೂ ಮಾಡುವ ತಪ್ಪು, ನನಗೆ ಅಚ್ಚರಿಯಾಗಲಿಲ್ಲ.

ಮೇಜಿನ ಮೇಲೆ ನನ್ನ ಕನ್ನಡ ಕ್ಯಾಲೆಂಡರು ನೋಡಿ ಅವರು ಭಾಷೆ ಬದಲಿಸಿದರು. ತಂದೆ ರೈಲ್ವೆಯಲ್ಲಿದ್ದರಂತೆ, ಪೆರಂಬೂರಿನಲ್ಲಿ ಬೆಳೆದವರಂತೆ.

"ನೋಡಿ ಮಾ, ಎಲ್ಲರೂ ಪಾಕ್ಕಲಾಂ, ಪಾಕ್ಕಲಾಂ ಅಂತಾರೆ. ನೋಡೋಣ ಅಂದ್ರೆ ಏನು ಅರ್ಥ? ನೀವು ನಮ್ಮ ಭಾಷೆಯವರು. ಇದ್ದದ್ದು ಇದ್ದ ಹಾಗೆ ಹೇಳಿಬಿಡಿ. ಬೇರೆ ದಾರಿ ಇದೆಯಾ, ಇಲ್ವಾ?"

"ಇಲ್ಲ," ಎಂದೆ. "ನಮ್ಮ ಹತ್ತಿರ ಇನ್ನೊಂದು ಕೀಲಿ ಇಲ್ಲ ಡಾಕ್ಟರ್. ಇದ್ದಿದ್ದರೆ ಅದು ಬೀಗವೇ ಅಲ್ಲ. ಇದನ್ನ ಇಟ್ಟುಕೊಂಡು ಕೊರಗಬೇಡಿ. ಅಳಿಸಿ, ಡಿಸ್ಕನ್ನ ಬೇರೆ ಕೆಲಸಕ್ಕೆ ಹಾಕಿಕೊಳ್ಳಿ."

ಅವರು ಅಳಲಿಲ್ಲ. ಕಾಫಿ ತರಿಸಿದೆ, ಅರ್ಧ ಕುಡಿದರು. ಕರ್ಚೀಫನ್ನು ಮತ್ತೆ ಸುತ್ತಿ, "ಥ್ಯಾಂಕ್ಸ್ ಮಾ" ಎಂದು ಹೊರಟರು. ನನ್ನ ಗೆಳೆಯ ಗಾಜಿನ ಗೋಡೆಯ ಆಚೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವರು ಹೋದ ಮೇಲೆ ಬಂದು, "ಚೆನ್ನಾಗಿ ಹೇಳ್ದೆ. ಹಾಗೇ ಹೇಳ್ಬೇಕು" ಎಂದ. ಹೊಗಳಿಕೆ ಎಂದು ತಿಳಿದು ನಾನು ಉಬ್ಬಿದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅಮ್ಮ ಬಳ್ಳಾರಿ ಕಡೆಯವಳು. ಐವತ್ತೈದು ವರ್ಷ ಟ್ರಿಪ್ಲಿಕೇನಿನಲ್ಲಿ ಸಂಸಾರ ಮಾಡಿದರೂ ಅವಳ ಮಾತಿಗೆ ಮದರಾಸಿನ ಉಪ್ಪುಗಾಳಿ ತಾಗಿರಲಿಲ್ಲ. ಕೊನೆಯ ಎರಡು ವರ್ಷ ಅವಳಿಗೆ ಮಾತಾಡುವ ಹಟ ಹಿಡಿಯಿತು. ಅವಳಿದ್ದದ್ದು ಅಣ್ಣನ ಮನೆಯಲ್ಲಿ. ಭಾನುವಾರ ಅಣ್ಣ, ಅತ್ತಿಗೆ ಪ್ರವಚನಕ್ಕೆ ಹೋದಾಗ ನಾನು ಹೋಗುತ್ತಿದ್ದೆ. ಅವಳು ಅಡಿಗೆಮನೆಯ ನೆಲದ ಮೇಲೆ ಕೂತು ಬೆಂಡೆಕಾಯಿ ಹೆಚ್ಚುತ್ತ ತನ್ನ ಬದುಕನ್ನು ಹೇಳುತ್ತಿದ್ದಳು, ನಾನು ಫೋನಿನಲ್ಲಿ ಧ್ವನಿ ಹಿಡಿಯುತ್ತಿದ್ದೆ. ಏನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ. ಯಾರ ಹತ್ತಿರವೂ ಬಾಯಿ ಬಿಡದೆ ಐವತ್ತು ವರ್ಷ ನುಂಗಿದ್ದನ್ನು ಹೇಳಿದಳು, ಅಷ್ಟು ಸಾಕು.

"ನಾ ಇದ್ದಾಗೂ ಯಾರಿಗೂ ಕೇಳಿಸಬ್ಯಾಡ, ಹೋದಮ್ಯಾಲೂ ಕೇಳಿಸಬ್ಯಾಡ. ನೀನೊಬ್ಬಾಕಿ ಕೇಳು. ಮಾತು ಕೊಡು."

ಕೊಟ್ಟೆ. ನಲವತ್ತೊಂದು ಧ್ವನಿ ಫೈಲುಗಳಾದವು. ಎಲ್ಲಕ್ಕೂ ನಮ್ಮದೇ ಬೀಗ ಹಾಕಿ, ಫೋನಿನಲ್ಲಿದ್ದದ್ದನ್ನು ಅಳಿಸಿದೆ. ಕೀಲಿ ನನ್ನ ಲ್ಯಾಪ್‌ಟಾಪಿನಲ್ಲಿ, ಬೀಗ ಹಾಕಿದ ಫೈಲುಗಳ ಪ್ರತಿ ಇನ್ನೊಂದು ಡಿಸ್ಕಿನಲ್ಲಿ. ಇಪ್ಪತ್ತನಾಲ್ಕು ಪದ ಎಲ್ಲಿಡುವುದು ಎಂದು ಅಮ್ಮನನ್ನೇ ಕೇಳಿದೆ.

"ಪಂಚಾಂಗದಾಗ ಬರದಿಡು," ಎಂದಳು. "ದೇವರ ಗೂಡಿನಾಗ ಇರತದ. ಮಡಿ ಇಲ್ಲದ ಯಾರೂ ಮುಟ್ಟಂಗಿಲ್ಲ."

ನನಗೆ ಅದು ಬ್ಯಾಂಕಿನ ಲಾಕರಿಗಿಂತ ಮೇಲು ಎನಿಸಿತು. ಅಮ್ಮ ಮದುವೆಯಾದ ವರ್ಷದಿಂದ ಒಂದೇ ಒಂದು ಪಂಚಾಂಗ ಎಸೆದವಳಲ್ಲ. ವರ್ಷ ಮುಗಿದದ್ದು ಅಡಿಯಲ್ಲಿ, ಹೊಸದು ಮೇಲೆ. ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ, ಆ ವರ್ಷದ ಪಂಚಾಂಗದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪದಗಳನ್ನು ಬರೆದೆ. ಎರಡನೆಯ ಪ್ರತಿ ಮಾಡಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಮ್ಮ ಹೋದಳು. ಅವಳ ಧ್ವನಿ ಕೇಳಲು ನನಗೆ ಒಂದು ವರ್ಷ ಧೈರ್ಯವಾಗಲಿಲ್ಲ. ವರ್ಷಾಬ್ದಿಕ ಮುಗಿದು ಯುಗಾದಿ ಬಂತು, ಅತ್ತಿಗೆ ದೇವರ ಗೂಡು ತೊಳೆದರು. ಅದಾಗಿ ಹತ್ತು ದಿನಕ್ಕೆ ನನ್ನ ಲ್ಯಾಪ್‌ಟಾಪು ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ರಿಪೇರಿಯವನು ಬೋರ್ಡನ್ನೂ ಅದಕ್ಕೇ ಬೆಸೆದಿದ್ದ ಸುಟ್ಟ ಡಿಸ್ಕನ್ನೂ ತೋರಿಸಿ ತಲೆಯಲ್ಲಾಡಿಸಿದ. ನನಗೇನೂ ಗಾಬರಿಯಾಗಲಿಲ್ಲ. ಪಂಚಾಂಗ ಇದೆಯಲ್ಲ.

ಭಾನುವಾರ ಟ್ರಿಪ್ಲಿಕೇನಿಗೆ ಹೋಗಿ ಸ್ನಾನ ಮಾಡಿ ಗೂಡಿಗೆ ಕೈ ಹಾಕಿದರೆ ಒಂದೇ ಪಂಚಾಂಗ, ಹೊಸದು.

"ಹಳೇದೆಲ್ಲ ಎಲ್ಲಿ ಅತ್ತಿಗೆ?"

"ಗೆದ್ದಲು ಹಿಡಿಯಕ್ಕೆ ಶುರುವಾಗಿತ್ತು ಮಾ. ರದ್ದಿಗೆ ಹಾಕಕ್ಕೆ ಮನಸ್ಸು ಬರಲಿಲ್ಲ, ಅಮ್ಮ ಪೂಜೆ ಮಾಡಿದ್ದಲ್ವಾ? ಅರಿಶಿನ ಕುಂಕುಮ ಹಚ್ಚಿ, ಬೆಸೆಂಟ್ ನಗರಕ್ಕೆ ತಗೊಂಡು ಹೋಗಿ ಸಮುದ್ರಕ್ಕೆ ಬಿಟ್ಟೆ. ಒಂದೊಂದಕ್ಕೂ ನಮಸ್ಕಾರ ಮಾಡಿ ಬಿಟ್ಟೆ."

ಅವರನ್ನು ಬೈಯಲು ಬಾಯಿ ತೆರೆದರೆ ಏನೆಂದು ಬೈಯುವುದು? ಸೊಸೆಯಾಗಿ ಅವರು ಮಾಡಿದ್ದರಲ್ಲಿ ಒಂದು ಕೂದಲಿನಷ್ಟು ತಪ್ಪಿಲ್ಲ. ಅಲ್ಲಿ ಪದಗಳಿವೆ ಎಂದು ಹೇಳಿದರೆ ಯಾವುದರ ಪದ ಎಂದು ಕೇಳುತ್ತಾರೆ, ಹೇಳುವಂತಿಲ್ಲ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. "ಒಳ್ಳೇದು ಮಾಡಿದ್ರಿ" ಎಂದು ಅವರು ಕೊಟ್ಟ ಉಪ್ಪಿಟ್ಟು ತಿಂದು ಬಂದೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಅಮ್ಮ ಸತ್ತ ದಿನ ಹಾಗೆ ಅತ್ತಿರಲಿಲ್ಲ. ಡಿಸ್ಕಿನಲ್ಲಿ ನಲವತ್ತೊಂದು ಫೈಲು ಕಣ್ಣೆದುರಿಗಿವೆ, ಒಂದೊಂದರ ಮೇಲೂ ತಾರೀಖಿದೆ. ತೆಗೆಯಲಾಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ತಿಳಿದವರು ಈ ಊರಲ್ಲೇ ಇಲ್ಲ. ಬೇರೆಯವರಾದರೆ ಯಾರನ್ನಾದರೂ ಕೇಳಬಹುದಿತ್ತು, ಆಸೆಯನ್ನಾದರೂ ಇಟ್ಟುಕೊಳ್ಳಬಹುದಿತ್ತು. ಆಗ ಆ ಡಾಕ್ಟರು ನೆನಪಾದರು. ಅವರಿಗೆ ಹೇಗಾಗಿರಬೇಕು ಎಂದು ಐದು ವರ್ಷದ ಮೇಲೆ ನನಗೆ ಹೊಳೆಯಿತು.

ಸೋಮವಾರ ನನ್ನ ಮುಖ ನೋಡಿ ಗೆಳೆಯ ಕೇಳಿದ, ಹೇಳಿದೆ. ಧ್ವನಿಯಲ್ಲಿ ಏನಿದೆ ಎಂದು ಹೇಳಲಿಲ್ಲ, ಅಮ್ಮನ ಧ್ವನಿ ಎಂದಷ್ಟೇ ಹೇಳಿದೆ. ಪರಿಹಾರಕ್ಕಾಗಿ ಹೇಳಿದ್ದಲ್ಲ, ದುಃಖಕ್ಕೆ ಹೇಳಿದ್ದು.

"ಆ ಡಿಸ್ಕ್ ಕೊಡು," ಎಂದ.

"ಏನು ಮಾಡ್ತೀ? ನಿನಗೆ ಗೊತ್ತಿಲ್ವಾ?"

"ಚುಮ್ಮಾ ಕೊಡು ಮಾ, ಸುಮ್ನೆ. ಮನೆಗೆ ತಗೊಂಡು ಹೋಗಿ ನೋಡ್ತೀನಿ."

ಕೊಟ್ಟೆ. ಮುಳುಗುವವರಿಗೆ ಹುಲ್ಲುಕಡ್ಡಿ. ಮರುದಿನ ಬೆಳಿಗ್ಗೆ ಒಂದು ಪೆನ್ ಡ್ರೈವನ್ನು ನನ್ನ ಕೀಬೋರ್ಡಿನ ಮೇಲಿಟ್ಟು, ತನ್ನ ಜಾಗಕ್ಕೆ ಹೋದ. ಇಯರ್‌ಫೋನು ಸಿಕ್ಕಿಸಿ ಮೊದಲನೆಯದನ್ನು ಒತ್ತಿದೆ. ಕುಕ್ಕರ್ ಕೂಗಿತು. ಬಟ್ಟಲು ಸರಿದ ಸದ್ದಾಯಿತು. ಆಮೇಲೆ ಅಮ್ಮ, "ಶುರು ಆತೇನು? ಕೆಂಪು ದೀಪ ಬಂತೇನು?" ಎಂದಳು.

ನಾನು ಶೌಚಾಲಯಕ್ಕೆ ಓಡಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಅರ್ಧ ಗಂಟೆ ಅವನು ನನ್ನ ಪಾಲಿಗೆ ದೇವರೇ. ಸುಳ್ಳು ಹೇಳುವುದಿಲ್ಲ.

ಅತ್ತು ಮುಖ ತೊಳೆಯುವಾಗ ಕಸುಬು ಎದ್ದು ಕೂತಿತು. ಹೇಗೆ? ಇದು ಆಗುವ ಕೆಲಸವಲ್ಲ. ಆಗುವುದಾದರೆ ಒಂದೇ ರೀತಿಯಲ್ಲಿ ಆಗಬೇಕು.

ಬೀಗ ಹಾಕಿದ ಒಂದು ಫೈಲನ್ನು ತೆಗೆದು ಅದರ ಅಂಕಿಗಳನ್ನು ಸಾಲುಸಾಲಾಗಿ ಓದಿದೆ. ನಮ್ಮ ಪ್ರತಿ ಫೈಲಿನ ತಲೆಯಲ್ಲೂ ತೊಂಬತ್ತಾರು ಬೈಟುಗಳ ಒಂದು ಜಾಗವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇನು ಎಂದು ಅವನನ್ನು ಕೇಳಿದ್ದೆ. "ಚುಮ್ಮಾ, ಅಳತೆ ಸರಿಹೋಗಲಿ ಅಂತ ಬಿಟ್ಟಿರೋ ಖಾಲಿ ಜಾಗ" ಎಂದಿದ್ದ. ಖಾಲಿ ಎಂದಮೇಲೆ ಸೊನ್ನೆಗಳಿರಬೇಕಲ್ಲ, ಏನೇನೋ ಅಂಕಿಗಳಿವೆಯಲ್ಲ ಎಂದಿದ್ದೆ. "ನೋಡೋರಿಗೆ ತಿಳಿಯಬಾರದು ಅಂತ ಕಸ ತುಂಬಿದ್ದೀನಿ" ಎಂದಿದ್ದ. ಆ ಭಾಗದ ಕೋಡನ್ನು ಅವನೊಬ್ಬನೇ ಮುಟ್ಟುತ್ತಿದ್ದ. ಗುರು ಹೇಳಿದ ಮೇಲೆ ಮುಗಿಯಿತು, ಹದಿನೆಂಟು ವರ್ಷ ನಾನು ಅಲ್ಲಿ ಇಣುಕಲಿಲ್ಲ. ಆ ದಿನ ಆ ಕೋಡನ್ನು ತೆಗೆದು ಇಣುಕಿದೆ. ಕಸವಲ್ಲ. ಫೈಲಿನ ಕೀಲಿಯದೇ ಇನ್ನೊಂದು ಪ್ರತಿ, ಅವನೊಬ್ಬನಿಗೆ ಮಾತ್ರ ತೆರೆಯುವಂತೆ ಸುತ್ತಿಟ್ಟದ್ದು. ನನ್ನ ಫೈಲುಗಳಲ್ಲಿ ಮಾತ್ರವಲ್ಲ, ನಾವು ಕೊಟ್ಟ ಪ್ರತಿಯೊಂದು ಬೀಗದಲ್ಲೂ.

ಕಾಲಿನ ಕೆಳಗಿನ ನೆಲ ಜಾರಿತು ಎನ್ನುತ್ತಾರಲ್ಲ, ನನಗೆ ಹಾಗಾಗಲಿಲ್ಲ. ನನಗೆ ನಾಚಿಕೆಯಾಯಿತು. ನಾನು ಫೋನಿನಲ್ಲಿ ಹೇಳಿದ ಅಷ್ಟೂ "ಇಲ್ಲ"ಗಳು ಒಟ್ಟಿಗೆ ಕಿವಿಯಲ್ಲಿ ಕೂಗಿದವು.

ಮಧ್ಯಾಹ್ನ ಅವನನ್ನು ಕ್ಯಾಂಟೀನಿನ ಮೂಲೆಗೆ ಕರೆದೆ. ಬಳಸದೆ ಕೇಳಿದೆ. ಅವನೂ ಬಳಸಲಿಲ್ಲ.

"ಆಮಾ, ಹೌದು. ನಾನೇ ಇಟ್ಟಿದ್ದು. ನಮ್ಮ ಮೊದಲನೇ ದೊಡ್ಡ ಗ್ರಾಹಕರು ಕೇಳಿದ್ರು. ನಾಳೆ ಕೆಲಸದವರು ಕೀಲಿ ಕಳೆದ್ರೆ ನಮ್ಮ ಗತಿ ಏನು, ಒಂದು ಹಿಂಬಾಗಿಲು ಇಲ್ಲದೆ ತಗೊಳ್ಳಲ್ಲ ಅಂದ್ರು. ಒಪ್ಪದೇ ಇದ್ದಿದ್ರೆ ಕಂಪನಿನೇ ಇರ್ತಿರ್ಲಿಲ್ಲ. ಆಮೇಲೆ ತೆಗೆಯೋಣ ಅಂದುಕೊಂಡೆ. ತೆಗೆಯಲಿಲ್ಲ."

"ಕೈಪಿಡಿಯಲ್ಲಿ ಇಲ್ಲ ಅಂತ ಬರೆಸಿದೆಯಲ್ಲ ನನ್ನ ಕೈಲಿ."

"ಇದೆ ಅಂತ ಬರೆದ್ರೆ ಯಾರು ಕೊಳ್ತಾರೆ? ಕೇಳು, ಇಷ್ಟು ವರ್ಷದಲ್ಲಿ ನಾನು ಅದನ್ನ ಯಾರ ಮೇಲೂ ಬಳಸಿಲ್ಲ. ನಿನ್ನೆ ಒಂದೇ ಸಲ. ನಿನಗೋಸ್ಕರ. ಅಮ್ಮನಿಗೋಸ್ಕರ."

ಅವನ ಕಣ್ಣು ಒದ್ದೆಯಾಗಿತ್ತು. ಅದು ನಾಟಕವಲ್ಲ ಎಂದು ನನಗೆ ಗೊತ್ತು, ಅದರಿಂದಲೇ ಸಿಟ್ಟು ಇನ್ನೂ ಏರಿತು. ಶುದ್ಧ ಕಳ್ಳನಾಗಿದ್ದರೆ ಕಪಾಳಕ್ಕೆ ಹೊಡೆದು ಎದ್ದು ಹೋಗಬಹುದಿತ್ತು.

"ತೆಗೆದು ಕೇಳಿದೆಯಾ?" ಎಂದೆ.

"ಧ್ವನಿ ಸರಿಯಾಗಿ ಬಂತಾ ಅಂತ ಒಂದೆರಡು..." ಎಂದು ನಿಲ್ಲಿಸಿದ. ಆಮೇಲೆ, "ಅಮ್ಮನಿಗೆ ಅಷ್ಟು ಕೋಪ ಇತ್ತಾ ಮಾ? ಅಷ್ಟು ವರ್ಷ ಅವರ ಕೈಲಿ ಊಟ ಮಾಡಿದ್ದೀನಿ, ಗೊತ್ತೇ ಆಗಲಿಲ್ಲ" ಎಂದ.

ನೀನೊಬ್ಬಾಕಿ ಕೇಳು ಎಂದಿದ್ದಳು. ಕೊಟ್ಟ ಮಾತು ಒಂದೇ. ಅದನ್ನು ಕಾಪಾಡಲೆಂದು ಹಾಕಿದ ಬೀಗಕ್ಕೆ ಮೊದಲಿನಿಂದಲೂ ಇನ್ನೊಬ್ಬನ ಹತ್ತಿರ ಕೀಲಿ ಇತ್ತು. ಅವಳ ಮಾತು ಮುರಿದದ್ದು ಅವನೋ ನಾನೋ? ಇವತ್ತಿಗೂ ಬಗೆಹರಿದಿಲ್ಲ. ಅವನ ಕೈಗೆ ಡಿಸ್ಕು ಕೊಟ್ಟವಳು ನಾನಲ್ಲವೇ.

"ಆ ಡಾಕ್ಟರು ಬಂದ ದಿನ ನೀನು ಗಾಜಿನ ಆಚೆ ಕೂತಿದ್ದೆ," ಎಂದೆ.

ಅವನು ಟಂಬ್ಲರನ್ನು ಮೇಜಿನ ಮೇಲೆ ತಿರುಗಿಸುತ್ತ ಕೂತ. "ಬಾಯಿಗೆ ಬಂದಿತ್ತು," ಎಂದ. "ಒಬ್ಬರಿಗೆ ತೆಗೆದುಕೊಟ್ರೆ ಊರಿಗೆಲ್ಲ ಗೊತ್ತಾಗುತ್ತೆ ಅಂತ ನುಂಗಿದೆ."

"ಚೆನ್ನಾಗಿ ಹೇಳ್ದೆ ಅಂತ ಹೊಗಳಿದೆ ನನ್ನನ್ನ."

ಅವನು ಟಂಬ್ಲರನ್ನು ಪಕ್ಕಕ್ಕೆ ಸರಿಸಿದ. ಕೊನೆಗೆ, "ಅವರ ಡಿಸ್ಕ್ ತಗೊಂಡು ಬಾ. ತೆಗೆದುಕೊಡ್ತೀನಿ. ಆಮೇಲೆ ಏನು ಬೇಕಾದ್ರೂ ಮಾಡು, ಯಾರಿಗೆ ಬೇಕಾದ್ರೂ ಹೇಳು" ಎಂದ.

ಗ್ರಾಹಕರಿಗೆ ಹೇಳಬೇಕಾದ್ದನ್ನು ನಾನು ಬರೆದೆ, ಕೆಲಸವನ್ನೂ ಬಿಟ್ಟೆ. ಆದರೆ ಮೊದಲು ಮಾಡಿದ ಕೆಲಸ ಅದಲ್ಲ. ಮರುದಿನ ಬೆಳಿಗ್ಗೆ ಗಿಂಡಿಯಲ್ಲಿ ಲೋಕಲ್ ಹತ್ತಿ ಕ್ರೋಂಪೇಟೆಯಲ್ಲಿ ಇಳಿದೆ. ದಾರಿಯುದ್ದಕ್ಕೂ ಒಂದೇ ಸಮಾಧಾನ ಹೇಳಿಕೊಂಡೆ. ನನ್ನ ಮೋಸ ಹೋದ ಬಾಯಿಯಿಂದ ಆದ ಒಂದು ಕೇಡನ್ನಾದರೂ ಸರಿಮಾಡಬಹುದು. ಅವರ ಇಪ್ಪತ್ತು ವರ್ಷ ಅವರಿಗೆ ವಾಪಸ್ ಬರುತ್ತದೆ. ಆಮೇಲೆ ಅಮ್ಮನ ಧ್ವನಿಯನ್ನು ನಾನೂ ತಲೆಯೆತ್ತಿ ಕೇಳಬಹುದು.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಂದು ಔಷಧದಂಗಡಿಯ ಮಹಡಿಯಲ್ಲಿ ಅವರ ಕ್ಲಿನಿಕ್ಕು. ಬೆಂಚಿನ ಮೇಲೆ ಮೂರು ಜನ ಕಾಯುತ್ತಿದ್ದರು. ಡಾಕ್ಟರು ಕನ್ನಡಕ ಏರಿಸಿ ನೋಡಿ ನನ್ನನ್ನು ಗುರುತಿಸಿದರು, ಕುರ್ಚಿ ತೋರಿಸಿದರು.

"ಡಿಸ್ಕ್ ತಂದುಕೊಡಿ ಡಾಕ್ಟರ್," ಎಂದೆ. "ಬೀಗ ತೆಗೆಯಕ್ಕೆ ಆಗುತ್ತೆ."

"ಡಿಸ್ಕಾ?" ಎಂದು ನಕ್ಕರು. "ಅದನ್ನ ಆವತ್ತೇ ಅಳಿಸಿಬಿಟ್ಟೆನಲ್ಲ ಮಾ. ನೀವೇ ಹೇಳಿದ್ರಲ್ಲ, ಇಟ್ಟುಕೊಂಡು ಕೊರಗಬೇಡಿ ಅಂತ. ಈಗ ಅದರಲ್ಲಿ ಮೊಮ್ಮಗಳ ಡ್ಯಾನ್ಸ್ ವಿಡಿಯೋ ಇದೆ."

ಅವರು ಮಾತು ಮುಂದುವರಿಸಿದರು. "ನಿಮಗೆ ಹೇಳ್ಬೇಕು ಅಂತಿದ್ದೆ. ಊರೆಲ್ಲ ಪಾಕ್ಕಲಾಂ ಅಂದಾಗ ನೀವೊಬ್ಬರೇ ನಿಜ ಹೇಳಿದ್ದು. ಕಷ್ಟ ಆಯ್ತು, ಆದ್ರೆ ಒಂದೇ ದಿನದಲ್ಲಿ ಮುಗೀತು. ಎಷ್ಟೋ ಜನಕ್ಕೆ ಹೇಳಿದ್ದೀನಿ, ಹಾಗೆ ನಿಜ ಹೇಳೋರು ಬೇಕು ಅಂತ."

ಹೇಳದೆ ಎದ್ದು ಬರಬಹುದಿತ್ತು. ಅವರಿಗೆ ಆ ಒಂದು ಸಮಾಧಾನವನ್ನು ಉಳಿಸಿ ಬರಬಹುದಿತ್ತು ಎಂದು, ಅಮ್ಮನ ವಿಷಯ ಬಿಟ್ಟು ಮಿಕ್ಕಿದ್ದನ್ನು ಕೇಳಿದ ಅಣ್ಣ ಆಮೇಲೆ ಹೇಳಿದ. ಆದರೆ ನುಂಗಿ ಕೂತವನ ಮೇಲೆ ಉರಿದುಬಿದ್ದು ಇನ್ನೂ ಒಂದು ದಿನ ಕಳೆದಿರಲಿಲ್ಲ, ನಾನೂ ನುಂಗಲು ಆಗಲಿಲ್ಲ. ಎಲ್ಲ ಹೇಳಿದೆ. ತೊಂಬತ್ತಾರು ಬೈಟು, ಇನ್ನೊಂದು ಕೀಲಿ, ಗಾಜಿನ ಆಚೆ ಕೂತಿದ್ದವನು, ಪಂಚಾಂಗ, ಅಮ್ಮನ ಧ್ವನಿ. ಅವರು ಕೇಳುತ್ತ, ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಇದ್ದರು.

"ಆ ಹುಣ್ಣಿನವರಲ್ಲಿ ಅರ್ಧ ಜನ ಈಗಿಲ್ಲ ಮಾ," ಎಂದರು. "ಮತ್ತೆ ಬರೆಯೋಣ ಅಂದ್ರೂ ಯಾರನ್ನ ಕೇಳೋದು."

ನಾನು ಕ್ಷಮಿಸಿ ಎಂದೆ. ನನಗೂ ಗೊತ್ತಿರಲಿಲ್ಲ ಎಂದೆ. ನಿಜವೇ ಆದರೂ ಆ ಕೋಣೆಯಲ್ಲಿ ಅದು ನೆಪದ ಹಾಗೆ ಕೇಳಿಸಿತು.

ಅವರು ನನ್ನನ್ನು ನೋಡಿದರು. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿಮ್ಮ ಅಮ್ಮಂದು ಸಿಕ್ತಾ?"

"ಸಿಕ್ತು."

"ಪೂರ್ತಿ?"

"ಪೂರ್ತಿ," ಎಂದೆ.

ಅವರು ತಲೆಯಾಡಿಸಿ, ಮುಂದಿನ ರೋಗಿಯನ್ನು ಕರೆಯಲು ಗಂಟೆ ಒತ್ತಿದರು.